ಚಿನ್ನ ಮುಗಿದ ಮೇಲೆ ಕೆಲವು ಊರುಗಳು ಉಳಿದದ್ದು, ಕೆಲವು ಅಳಿದದ್ದು ಏಕೆ?

ಪ್ರಶ್ನೆ:
ಹತ್ತೊಂಬತ್ತನೆಯ ಶತಮಾನದಲ್ಲಿ ಚಿನ್ನದ ಸುದ್ದಿ ಕೇಳಿ ಜನ ಮುಗಿಬಿದ್ದ ಗೋಲ್ಡ್ ರಷ್‌ಗಳ ಚರಿತ್ರೆಯನ್ನು ಓದುತ್ತಿರುವಾಗ ಒಂದು ಸಂಗತಿ ನನ್ನನ್ನು ಬಹಳವಾಗಿ ಕಾಡುತ್ತಿದೆ. ಕ್ಯಾಲಿಫೋರ್ನಿಯಾದ ಬೋಡಿಯಲ್ಲಿ 1880ರ ಸುಮಾರಿಗೆ ಏಳೆಂಟು ಸಾವಿರ ಜನರಿದ್ದರೆಂಬ ಅಂದಾಜಿದೆ. ಇಂದು ಅಲ್ಲಿ ನಿಂತಿರುವುದು ಖಾಲಿ ಮನೆಗಳು ಮಾತ್ರ. ಆದರೆ 1851ರಲ್ಲಿ ಚಿನ್ನ ಸಿಕ್ಕ ಆಸ್ಟ್ರೇಲಿಯಾದ ಬ್ಯಾಲರಾಟ್, ಹಳೆಯ ಗಣಿಗಳು ಮುಚ್ಚಿ ನೂರು ವರ್ಷ ಕಳೆದರೂ, ಲಕ್ಷಕ್ಕೂ ಹೆಚ್ಚು ಜನರಿರುವ ನಗರವಾಗಿದೆ. ಈ ವ್ಯತ್ಯಾಸಕ್ಕೆ ನೆಲದಲ್ಲಿದ್ದ ಚಿನ್ನದ ಪ್ರಮಾಣವೊಂದೇ ಕಾರಣವೇ?

ಮೊದಲ ಉತ್ತರ:
ಪ್ರಮಾಣಕ್ಕಿಂತ ಮುಖ್ಯವಾದುದು, ಆ ಚಿನ್ನವನ್ನು ತೆಗೆಯಲು ಎಷ್ಟು ಕೈಗಳು ಬೇಕಾಗಿದ್ದವು ಎಂಬುದು. 1848ರ ಜನವರಿಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ ಕಾಣಿಸಿದ್ದು ಹೊಳೆಯ ಮೆಕ್ಕಲಿನಲ್ಲಿ ಬೆರೆತಿದ್ದ ಚಿನ್ನ. ಬೋಗುಣಿಯಲ್ಲಿ ಮರಳು ಜಾಲಿಸಬಲ್ಲ ಯಾರಿಗಾದರೂ ಅದು ದಕ್ಕುತ್ತಿತ್ತು. ಆದ್ದರಿಂದಲೇ ಸಾವಿರಾರು ಜನ ಬಂದರು, ಅವರ ಹಿಂದೆಯೇ ಅಂಗಡಿ, ವಸತಿಗೃಹ, ಪತ್ರಿಕೆಗಳೂ ಬಂದವು. ಮೆಕ್ಕಲು ಬರಿದಾದ ಮೇಲೆ ಉಳಿಯುವುದು ಬೆಣಚುಕಲ್ಲಿನೊಳಗಿನ ಚಿನ್ನ ಅಥವಾ ಆಳದ ಜಲ್ಲಿಯಲ್ಲಿ ಚದುರಿರುವ ಚಿನ್ನ. ಅದಕ್ಕೆ ಬಂಡವಾಳ ಮತ್ತು ಯಂತ್ರ ಬೇಕೇ ಹೊರತು ಜನಜಂಗುಳಿಯಲ್ಲ.

ಕೆನಡಾದ ಡಾಸನ್ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. 1896ರ ಆಗಸ್ಟ್‌ನಲ್ಲಿ ಬೊನಾಂಜಾ ತೊರೆಯಲ್ಲಿ ಚಿನ್ನ ಪತ್ತೆಯಾಯಿತು. ಸುದ್ದಿ ಕೇಳಿದವರು, ಗಡಿಯಲ್ಲಿದ್ದ ಪೊಲೀಸರ ನಿಯಮದಂತೆ ಒಂದು ವರ್ಷಕ್ಕೆ ಸಾಲುವಷ್ಟು ಸಾಮಗ್ರಿಯನ್ನು ಚಿಲ್ಕೂಟ್ ಎಂಬ ಪರ್ವತದಾರಿಯ ಹಿಮದಲ್ಲಿ ಹಲವು ಸುತ್ತು ಹೊತ್ತು ಸಾಗಿಸಿ, 1898ರಲ್ಲಿ ಊರು ತಲಪುವಷ್ಟರಲ್ಲಿ ಒಳ್ಳೆಯ ಜಾಗಗಳೆಲ್ಲ ಮೊದಲೇ ಬಂದವರ ಪಾಲಾಗಿದ್ದವು. ಮರುವರ್ಷ ಅಲಾಸ್ಕಾದ ನೋಮ್‌ನಲ್ಲಿ ಚಿನ್ನವಿದೆಯೆಂಬ ಸುದ್ದಿ ಬಂದೊಡನೆ ಸಾವಿರಾರು ಜನ ಒಂದೇ ಬೇಸಿಗೆಯಲ್ಲಿ ಹೊರಟುಹೋದರು. ಆದರೆ ಡಾಸನ್ ಸುತ್ತಲಿನ ಕ್ಲೋಂಡೈಕ್‌ನ ಚಿನ್ನ ಆಗ ಮುಗಿದಿರಲಿಲ್ಲ: ತಳದ ಜಲ್ಲಿಯನ್ನು ಅಗೆದು ಜಾಲಿಸುವ ದೈತ್ಯಾಕಾರದ ತೇಲುವ ಡ್ರೆಡ್ಜರ್‌ಗಳು ಕೆಲವೇ ಕೆಲಸಗಾರರೊಡನೆ 1966ರವರೆಗೂ ಅದೇ ಕಣಿವೆಗಳನ್ನು ತೋಡುತ್ತಿದ್ದವು. ಚಿನ್ನ ಉಳಿದಿತ್ತು, ಊರಿನ ಅಗತ್ಯ ಉಳಿದಿರಲಿಲ್ಲ.

ಎರಡನೆಯ ಉತ್ತರ:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೂ ಭೂಗರ್ಭವನ್ನು ಅಷ್ಟು ಬೇಗ ಬದಿಗಿಡಬಾರದು. ಪಶ್ಚಿಮ ಆಸ್ಟ್ರೇಲಿಯಾದ ಕೂಲ್ಗಾರ್ಡಿ ಮತ್ತು ಕಾಲ್ಗೂರ್ಲಿಗಳ ನಡುವಿನ ಅಂತರ ಸುಮಾರು 40 ಕಿಲೋಮೀಟರ್. ಒಂದರಲ್ಲಿ 1892ರಲ್ಲಿ, ಇನ್ನೊಂದರಲ್ಲಿ 1893ರಲ್ಲಿ ಚಿನ್ನ ಸಿಕ್ಕಿತು. ಎರಡೂ ನೀರಿಲ್ಲದ ನೆಲ. ಕರಾವಳಿಯ ಸಮೀಪದಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ಹಾಸಿದ ಕೊಳವೆಮಾರ್ಗದಿಂದ 1903ರಲ್ಲಿ ಎರಡಕ್ಕೂ ನೀರು ಬಂತು. ಅಷ್ಟಾದರೂ ಕೂಲ್ಗಾರ್ಡಿ ಸೊರಗಿತು, ಏಕೆಂದರೆ ಅಲ್ಲಿನ ಸಮೃದ್ಧ ಅದಿರು ಮೇಲ್ಪದರದಲ್ಲೇ ಮುಗಿಯುತ್ತ ಬಂದಿತ್ತು. ಕಾಲ್ಗೂರ್ಲಿಯ ‘ಗೋಲ್ಡನ್ ಮೈಲ್’ ಆಳಕ್ಕಿಳಿದಂತೆಲ್ಲ ಅದಿರು ಕೊಡುತ್ತಲೇ ಹೋಯಿತು, ಇಂದಿಗೂ ಕೊಡುತ್ತಿದೆ.

ಬ್ಯಾಲರಾಟ್ ಉಳಿದ ಬಗೆಯೇ ಬೇರೆ. ಸುತ್ತಲೂ ಒಳ್ಳೆಯ ಕೃಷಿಭೂಮಿಯಿತ್ತು, 1862ರಲ್ಲೇ ರೈಲು ಬಂತು. ಗಣಿಯಂತ್ರಗಳನ್ನು ಮಾಡುತ್ತಿದ್ದ ಫೀನಿಕ್ಸ್ ಫೌಂಡ್ರಿ ಮುಂದೆ ರೈಲು ಎಂಜಿನ್‌ಗಳನ್ನು ತಯಾರಿಸಿತು. ಗಣಿಗಾರಿಕೆ ಕಲಿಸಿದ ಕೈಗಾರಿಕೆ ಗಣಿಯನ್ನು ಬಿಟ್ಟು ಬದುಕಬಲ್ಲದಾಯಿತು. ಬೋಡಿಯಲ್ಲಿ ಅಂಥದ್ದೇನೂ ಬೇರೂರಲಿಲ್ಲ: ಸುಮಾರು 2,500 ಮೀಟರ್ ಎತ್ತರದ, ಬೆಳೆ ಬಾರದ ಬಯಲದು; 1881ರಲ್ಲಿ ಬಂದ ರೈಲು ಮಾರ್ಗವೂ ಮರದ ದಿಮ್ಮಿ ತರಲು ಹಾಕಿದ್ದೇ ಹೊರತು ಹೊರಗಿನ ಯಾವ ಮಾರ್ಗಕ್ಕೂ ಸೇರಲಿಲ್ಲ. ಹಾಗೆಂದು ರೈಲೊಂದೇ ಊರನ್ನು ಕಾಯುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಾಲ್ಹಾಲಾಕ್ಕೆ 1910ರಲ್ಲಿ ರೈಲು ಬಂತು, 1914ರಲ್ಲಿ ಅಲ್ಲಿನ ದೊಡ್ಡ ಗಣಿ ಲಾಂಗ್ ಟನಲ್ ಮುಚ್ಚಿತು.

ಮೂರನೆಯ ಉತ್ತರ:
ಇಲ್ಲಿಯವರೆಗೆ ಬಾರದ ಒಂದು ಕಾರಣ ಬೆಲೆ. ಅಮೆರಿಕದಲ್ಲಿ ಚಿನ್ನದ ದರ 1933ರವರೆಗೂ ಔನ್ಸ್‌ಗೆ 20.67 ಡಾಲರ್ ಎಂದು ನಿಗದಿಯಾಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಕೂಲಿ, ಮರ, ಉಕ್ಕು ಎಲ್ಲದರ ಬೆಲೆ ಏರಿದಾಗಲೂ ಗಣಿಯವರು ತಮ್ಮ ಸರಕಿನ ಬೆಲೆ ಏರಿಸುವಂತಿರಲಿಲ್ಲ. ಹೀಗಾಗಿ ಅದಿರು ಇದ್ದ ಗಣಿಗಳೂ ಮುಚ್ಚಿದವು. ಕೆಲವೆಡೆ ಅವನತಿ ನ್ಯಾಯಾಲಯದಿಂದಲೂ ಬಂತು. ಬೆಟ್ಟಗಳನ್ನು ನೀರಿನ ರಭಸದಿಂದ ಕೊಚ್ಚಿ ಹೂಳನ್ನು ನದಿಗೆ ಬಿಡುತ್ತಿದ್ದ ಗಣಿಗಾರಿಕೆಯಿಂದ ಕೆಳಗಿನ ರೈತರ ಹೊಲಗಳು ಹಾಳಾದವು. 1884ರ ತೀರ್ಪು ಅದನ್ನು ತಡೆದ ಮೇಲೆ ಕ್ಯಾಲಿಫೋರ್ನಿಯಾದ ನಾರ್ತ್ ಬ್ಲೂಮ್‌ಫೀಲ್ಡ್‌ನಂಥ ಊರುಗಳು ಬರಿದಾದವು. ಆ ತೀರ್ಪು ಇನ್ನೂ ಬೇಗ ಬರಬೇಕಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಊರುಗಳ ಏಳುಬೀಳನ್ನು ಲೆಕ್ಕಹಾಕುವಾಗ ಅಲ್ಲಿ ಮೊದಲೇ ಇದ್ದವರನ್ನು ಬಿಡಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಡಾಸನ್‌ನ ಎದುರು, ಕ್ಲೋಂಡೈಕ್ ನದಿಯ ಸಂಗಮದಲ್ಲಿ ತಲೆಮಾರುಗಳಿಂದ ಸಾಲ್ಮನ್ ಮೀನು ಹಿಡಿಯುತ್ತಿದ್ದ ಟ್ರೊಂಡೆಕ್ ಹ್ವೆಚಿನ್ ಜನರು ಈ ನೂಕುನುಗ್ಗಲಿನಿಂದಾಗಿ ನೆಲೆ ಬಿಟ್ಟು, ನದಿಯ ಕೆಳಹರಿವಿನಲ್ಲಿದ್ದ ಮೂಸ್‌ಹೈಡ್‌ಗೆ ಹೋಗಬೇಕಾಯಿತು.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದಗಳು. ಜನರೆಲ್ಲ ಹೊರಟುಹೋದ ಮೇಲೂ ಡಾಸನ್ ಬೋಡಿಯಂತೆ ಪೂರ್ತಿ ಬರಿದಾಗಲಿಲ್ಲವಲ್ಲ, ಅದಕ್ಕೆ ಡ್ರೆಡ್ಜರ್‌ಗಳೇ ಕಾರಣವೇ?

ಮೊದಲ ಉತ್ತರ ಬರೆದವರು:
ಅವೂ ಒಂದು ಕಾರಣ. ಜೊತೆಗೆ ಡಾಸನ್ ಯೂಕಾನ್ ಆಡಳಿತ ಪ್ರದೇಶದ ರಾಜಧಾನಿಯಾಗಿತ್ತು. 1950ರ ದಶಕದ ಆರಂಭದಲ್ಲಿ ಆ ಸ್ಥಾನ ವೈಟ್‌ಹಾರ್ಸ್‌ಗೆ ಹೋಗುವವರೆಗೆ ಸರ್ಕಾರಿ ಕಚೇರಿಗಳು ಊರನ್ನು ಹಿಡಿದು ನಿಲ್ಲಿಸಿದವು. ಈಗ ಪ್ರವಾಸಿಗರ ಜೊತೆಗೆ ಸಣ್ಣ ಪ್ರಮಾಣದ ಮೆಕ್ಕಲು ಗಣಿಗಾರಿಕೆಯೂ ಅಲ್ಲಿ ನಡೆಯುತ್ತಿದೆ. ಟ್ರೊಂಡೆಕ್ ಹ್ವೆಚಿನ್ ಜನರ ನೆಲೆಗಳನ್ನು ಒಳಗೊಂಡ ಆ ಪ್ರದೇಶವು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.