ದೆವ್ವ ಆಗುವ ಮೊದಲು ಬೀರು ಕೀ ಕೊಟ್ಟು ಹೋಗಿ

ಹೋದ ಸಂಚಿಕೆಯಲ್ಲಿ 63 ವರ್ಷದ ಓದುಗರೊಬ್ಬರು ತಮ್ಮ ಸಂಕಟ ತೋಡಿಕೊಂಡಿದ್ದರು: "ರಿಟೈರ್ ಆದ ಮೇಲೆ ನಿದ್ದೆ ಸರಿ ಇಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಎದೆ ಮೇಲೆ ಯಾರೋ ಕೂತ ಹಾಗಿರುತ್ತದೆ. ದೆವ್ವದ ಭಯ ಒಂದು ಕಡೆ. ಸತ್ತ ಮೇಲೆ ನಾನೇ ದೆವ್ವ ಆದರೆ ಏನು ಗತಿ ಎಂಬ ಚಿಂತೆ ಇನ್ನೊಂದು ಕಡೆ. ಆಸೆ ತೀರದವರೇ ಅಲ್ವಾ ದೆವ್ವ ಆಗೋದು? ನಾನು ಅರ್ಧಕ್ಕೆ ಬಿಟ್ಟ ಕೆಲಸಗಳಿಗೆ ಲೆಕ್ಕವೇ ಇಲ್ಲ. ಪರಲೋಕದ ತಯಾರಿಗೆ ಅಂತಲೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೆಂಡತಿ ನೋಡಿ ನಗುತ್ತಾಳೆ. ಏನು ಮಾಡಲಿ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅವರು ನನಗೂ ಪರಿಚಯ

ಅಣ್ಣಾ, ನಿಮ್ಮ ಎದೆ ಮೇಲೆ ಕೂತವರು ನನಗೂ ಗೊತ್ತು. ಸತತ ಮೂರು ರಾತ್ರಿ ಡ್ಯೂಟಿ ಮುಗಿಸಿ ಹಗಲು ಮಲಗಿದ್ದಾಗ ನನ್ನ ಮೇಲೂ ಬಂದು ಕೂತಿದ್ದರು. ಕಣ್ಣು ತೆರೆದಿದೆ, ಫ್ಯಾನ್ ತಿರುಗೋದು ಕಾಣುತ್ತಿದೆ, ಬೆರಳು ಅಲ್ಲಾಡುತ್ತಿಲ್ಲ. ಕೂಗೋಣ ಅಂದರೆ ದನಿ ಇಲ್ಲ. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಅಂತ ಮಾತ್ರ ಖಾತ್ರಿ!

ಕನಸು ಬೀಳುವ ಹೊತ್ತಲ್ಲಿ ಮೆದುಳು ಕೈಕಾಲಿನ ಸ್ವಿಚ್ ಆಫ್ ಮಾಡಿಟ್ಟಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರೆಲ್ಲ ಗೋಡೆಗೆ ಹೋಗಿ ಗುದ್ದಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ನಮಗೆ ಎಚ್ಚರ ಮೊದಲು ಆಗಿ, ಸ್ವಿಚ್ ಆನ್ ಆಗೋದು ತಡವಾಗುತ್ತದೆ. ಆ ಸಂದಿಯಲ್ಲಿ ಮಿಕ್ಕ ಕನಸು ರೂಮಿನೊಳಗೆ ನುಗ್ಗುತ್ತದೆ. ಸ್ಲೀಪ್ ಪ್ಯಾರಾಲಿಸಿಸ್ ಅನ್ನೋದು ಇದಕ್ಕೇ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಮಗ್ಗುಲಾಗಿ ಮಲಗಿ ನೋಡಿ. ಎಚ್ಚರವಾಗಿ ಓಡಾಡುವಾಗಲೂ ಎದೆ ಒತ್ತಿದರೆ ಮಾತ್ರ ದೆವ್ವದ ಮೇಲೆ ಹಾಕಿ ಸುಮ್ನೆ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.
— ರಾತ್ರಿ ಪಾಳಿಯ ನರ್ಸ್

ಮೊದಲು ಫ್ಯಾನ್ ನೋಡಿ

ನಾನು ಮೋಟರ್ ರಿಪೇರಿಯವನು. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಇಂಜಿನಿಯರ್ 1998ರಲ್ಲಿ ಬರೆದ ಸಂಗತಿ ಕೇಳಿ. ಅವರು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ದೆವ್ವ ಇದೆ ಅಂತ ಸುದ್ದಿ. ಒಂದು ರಾತ್ರಿ ಅವರಿಗೇ ಮೈ ಬೆವರಿತು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಕಾಣಿಸಿತು. ತಿರುಗಿದರೆ ಮಾಯ. ಮರುದಿನ ಕತ್ತಿವರಸೆಯ ಕತ್ತಿಯೊಂದನ್ನು ವೈಸ್‌ಗೆ, ಅಂದರೆ ಮೇಜಿಗೆ ಬಿಗಿದ ಇಕ್ಕಳಕ್ಕೆ, ಸಿಕ್ಕಿಸಿದ್ದರು. ಯಾರೂ ಮುಟ್ಟದೆ ಅದು ಗಡಗಡ ನಡುಗತೊಡಗಿತು. ಬೇರೆಯವರಾಗಿದ್ದರೆ ಓಡುತ್ತಿದ್ದರು. ಇವರು ಹುಡುಕಿಕೊಂಡು ಹೋದರು. ಹೊಸದಾಗಿ ಹಾಕಿದ್ದ ಎಗ್ಸಾಸ್ಟ್ ಫ್ಯಾನ್ ಸೆಕೆಂಡಿಗೆ ಸುಮಾರು 19 ಕಂಪನದ ಸದ್ದು ಹೊರಡಿಸುತ್ತಿತ್ತು. 20ಕ್ಕಿಂತ ಕೆಳಗಿನದು ನಮ್ಮ ಕಿವಿಗೆ ಬೀಳುವುದಿಲ್ಲ, ಮೈಗೆ ತಟ್ಟುತ್ತದೆ. ಫ್ಯಾನಿನ ಫಿಟ್ಟಿಂಗ್ ಬದಲಿಸಿದರು, ದೆವ್ವ ಜಾಗ ಖಾಲಿ ಮಾಡಿತು.

ಎಲ್ಲ ದೆವ್ವಕ್ಕೂ ಫ್ಯಾನೇ ಕಾರಣ ಅಂತ ನಾನು ಹೇಳಲಾರೆ. ಹೇಳಿದರೆ ನನಗೆ ಕೈತುಂಬಾ ಕೆಲಸ ಸಿಗುತ್ತದೆ, ಅದು ಬೇರೆ ಮಾತು. ಇನ್ನೊಂದು ವಿಷಯ ಮಾತ್ರ ತಮಾಷೆಯಲ್ಲ. ಮುಚ್ಚಿದ ಮನೆಯಲ್ಲಿ ಗ್ಯಾಸ್ ಗೀಸರೋ ಒಲೆಯೋ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ. ತಲೆ ಸುತ್ತುತ್ತದೆ, ಇಲ್ಲದ್ದು ಕಾಣಬಹುದು, ಕೇಳಬಹುದು. 1921ರಲ್ಲೇ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಂಥ ಮನೆಯ ಕತೆ ಬಂದಿತ್ತು. ಮನೆ ತುಂಬಾ ಹೆಜ್ಜೆ ಸಪ್ಪಳ. ಕೊನೆಗೆ ಸಿಕ್ಕಿದ್ದು ಮನೆ ಬೆಚ್ಚಗಿಡಲು ಹಾಕಿದ್ದ, ಕೆಟ್ಟು ಹೊಗೆ ಬಿಡುತ್ತಿದ್ದ ಒಲೆ. ಆ ದೆವ್ವ ನಿಜಕ್ಕೂ ಜೀವ ತೆಗೆಯುತ್ತದೆ. ಕಿಟಕಿ ತೆರೆದಿಡಿ.
— ಮೋಟರ್ ರಿಪೇರಿಯವನು

ನಿಮ್ಮಿಂದ ಆಗಲ್ಲ

ಚಿಂತೆ ಬಿಡಿ ಸಾರ್, ನೀವು ದೆವ್ವ ಆಗಲಾರಿರಿ. ರಾತ್ರಿ ಮೂರು ಗಂಟೆಗೆ ಹೆದರಿಕೊಳ್ಳುವವರು ಅದೇ ಹೊತ್ತಿನಲ್ಲಿ ಡ್ಯೂಟಿ ಹೇಗೆ ಮಾಡುತ್ತೀರಿ?
— ಬಾತ್‌ರೂಮಿಗೆ ಹೋಗುವಾಗ ಮನೆಯ ಲೈಟೆಲ್ಲ ಹಾಕುವವನು

413 ಆಳು

ಪರಲೋಕದ ತಯಾರಿ ಅಂದರೆ ಈಜಿಪ್ಟಿನವರದ್ದು ಸ್ವಾಮಿ. 1922ರಲ್ಲಿ ತೂತಾಂಖಾಮನ್ ಎಂಬ ಹುಡುಗ ರಾಜನ ಸಮಾಧಿ ಸಿಕ್ಕಿತಲ್ಲ, ಅದರಲ್ಲಿ 413 ಪುಟ್ಟ ಗೊಂಬೆಗಳಿದ್ದವು. ಅಲ್ಲಿ ಹೊಲದ ಕೆಲಸಕ್ಕೆ ಕರೆ ಬಂದರೆ ಇವನ ಬದಲು ಅವು ಎದ್ದು ಹೋಗಬೇಕು. ದಿನಕ್ಕೊಂದರಂತೆ 365 ಆಳು. ಅವರ ಮೇಲೆ 36 ಮೇಸ್ತ್ರಿಗಳು. ಸಾಲದು ಅಂತ ತಿಂಗಳಿಗೊಬ್ಬರಂತೆ ಇನ್ನೂ 12 ಮೇಲ್ವಿಚಾರಕರು. ನೀವು ರಿಟೈರ್ ಆಗಿದ್ದೀರಿ, ನಿಮಗೆ ಅರ್ಥವಾಗುತ್ತದೆ: ಸತ್ತರೂ ಮೇಲಧಿಕಾರಿ ತಪ್ಪಲ್ಲ. ಮೂರು ಸಾವಿರ ವರ್ಷ ದಾಟಿದರೂ ಒಂದು ಗೊಂಬೆಯೂ ಕೆಲಸಕ್ಕೆ ಎದ್ದಿರಲಿಲ್ಲ. ಈಗ ಮ್ಯೂಸಿಯಂನಲ್ಲಿ ಆರಾಮಾಗಿವೆ.
— ಇತಿಹಾಸದ ಮೇಷ್ಟ್ರು

ಅದೇ ಹಳೇದು

ನಮ್ಮ ಯಜಮಾನರೂ ನಿಮ್ಮ ಹಾಗೇ ನೋಟ್‌ಬುಕ್ ಇಟ್ಟಿದ್ದರು. ಅವರು ಹೋಗಿ ಎರಡು ವರ್ಷ. ನನ್ನ ಕೈಗೆ ಉಳಿದದ್ದು ಹದಿನೇಳು ಕೀಗಳ ಗೊಂಚಲು, ಲಾಕ್ ಆದ ಒಂದು ಮೊಬೈಲು. ಬೀರುವಿಗೆ ಹದಿನಾರನೇ ಕೀ ಹಿಡಿಯಿತು. ಮೊಬೈಲಿಗೆ ಮಕ್ಕಳ ಹುಟ್ಟಿದ ದಿನ, ನಮ್ಮ ಮದುವೆ ದಿನ, ಹಳೇ ಸ್ಕೂಟರ್ ನಂಬರು ಎಲ್ಲ ಹಾಕಿ ನೋಡಿದೆವು. "ಒಂದು ಗಂಟೆ ಬಿಟ್ಟು ಪ್ರಯತ್ನಿಸಿ" ಅಂತು. ನನಗೂ ಸಿಟ್ಟು ಬಂತು. ಫೋಟೋ ಮುಂದೆ ನಿಂತು, "ರೀ, ಒಂದೇ ಒಂದು ಸಲ ದೆವ್ವ ಆಗಿ ಬನ್ನಿ, ನಾನೇನೂ ಹೆದರಲ್ಲ, ನಂಬರ್ ಹೇಳಿ ಹೋಗಿ" ಅಂದೆ. ಬರಲಿಲ್ಲ. ಬದುಕಿದ್ದಾಗಲೂ ಕರೆದ ತಕ್ಷಣ ಬಂದವರಲ್ಲ ಬಿಡಿ.

ಆಮೇಲೆ ಜಾದೂಗಾರ ಹೂಡಿನಿಯ ವಿಷಯ ಓದಿದೆ. ಎಂಥ ಬೀಗವನ್ನೂ ಬಿಡಿಸಿಕೊಂಡು ಬರುತ್ತಿದ್ದ ಮನುಷ್ಯ. ಸತ್ತ ಮೇಲೆ ಸುದ್ದಿ ಕಳಿಸಲು ಸಾಧ್ಯವಾದರೆ ಇಂಥ ಗುಟ್ಟಿನ ಮಾತು ಹೇಳುತ್ತೇನೆ ಅಂತ ಹೆಂಡತಿ ಬೆಸ್ ಜೊತೆ ಮಾತಾಗಿತ್ತಂತೆ. 1926ರಲ್ಲಿ ತೀರಿಕೊಂಡ. ಆಕೆ ಹತ್ತು ವರ್ಷ ಕಾದು, 1936ರಲ್ಲಿ ಸಾಕು ಅಂತ ಕೈಬಿಟ್ಟಳು. ಅಂಥವನೇ ಬರಲಾಗಲಿಲ್ಲ, ನಮ್ಮವರು ಎಲ್ಲಿಂದ ಬರುತ್ತಾರೆ?

ಗೂಗಲ್ ಖಾತೆಯಲ್ಲಿ ಒಂದು ಸೆಟ್ಟಿಂಗ್ ಇದೆ ಅಂತ ಮಗಳು ಹೇಳಿದಳು. ಇಷ್ಟು ತಿಂಗಳು ನಾನು ಈ ಕಡೆ ಸುಳಿಯದಿದ್ದರೆ ಇಂಥವರಿಗೆ ತಿಳಿಸಿ ಅಂತ ಮೊದಲೇ ಬರೆದಿಡಬಹುದು. ನೀವು ಇವತ್ತೇ ಮಾಡಿ. ನೋಟ್‌ಬುಕ್ಕನ್ನು ಹೆಂಡತಿ ಕೈಗೆ ಕೊಟ್ಟು, ಎದುರಲ್ಲೇ ಕೂರಿಸಿಕೊಂಡು ಓದಿಸಿ. ನಗಲಿ ಪರವಾಗಿಲ್ಲ. ಅರ್ಥವಾಗದ ಸಾಲಿಗೆ ಅವರೇ ಗೆರೆ ಹಾಕಲಿ.

ಯಾಕೆ ಹೇಳುತ್ತೇನೆ ಅಂದರೆ, ನಮ್ಮವರ ನೋಟ್‌ಬುಕ್ ಕೊನೆಗೂ ಬೀರುವಿನ ಒಳಗೇ ಸಿಕ್ಕಿತು. ಅಚ್ಚುಕಟ್ಟಾದ ಅಕ್ಷರ, ಕೆಂಪು ಇಂಕಿನಲ್ಲಿ ಗೆರೆ. ಮೊಬೈಲ್ ಪಾಸ್‌ವರ್ಡ್ ಎಂಬುದರ ಮುಂದೆ ಬರೆದಿದ್ದರು: "ಅದೇ ಹಳೇದು."
— ಇನ್ನೂ ಹುಡುಕುತ್ತಿರುವವಳು