ಎಲೆಕ್ಟ್ರಿಕ್ ಗಿಟಾರಿಗೆ ಯಾವ ಮರ? ಮಾಡಿದವರು ಹೇಳಿ

ಕುವೆಂಪುನಗರ: ಮೊದಲ ಸಲ ಗಿಟಾರ್ ಮಾಡುತ್ತಿದ್ದೇನೆ. ತೇಗವಾ, ಹಲಸಾ? ಮರಕ್ಕೆ 3,000 ಇಟ್ಟಿದ್ದೇನೆ. ಬೆನ್ನು ನೋವಿದೆ, ಭಾರ ಆಗಬಾರದು.

ಅಗ್ರಹಾರ: ತೇಗನೇ ತಗೊಳ್ಳಿ. ನಮ್ಮ ಬೀದಿಯಲ್ಲಿ ಹಳೇ ಮನೆ ಕೆಡವಿದಾಗ ಬಾಗಿಲ ಚೌಕಟ್ಟು 1,800ಕ್ಕೆ ಸಿಕ್ಕಿತು. ಕೊಯ್ಸಲು 350, ಆಟೋಗೆ 120. ಒಳಗೊಂದು ಮೊಳೆ ಇತ್ತು, ಮೇಲೆ ಬಣ್ಣ ಬಳಿದಿದ್ದರಿಂದ ಕಾಣಲೇ ಇಲ್ಲ, ತಂತಿಯ ಅಲುಗಾಟ ಹಿಡಿಯುವ ಪಿಕಪ್ ಕೂರಿಸಲು ಗುಂಡಿ ತೆಗೆಯುವಾಗ ಟಕ್ ಅಂತ ರೌಟರ್ ಯಂತ್ರದ ಬಿಟ್ ಮುರಿದು 850 ಹೋಯಿತು. ತೇಗದಲ್ಲಿ ಎಣ್ಣೆ ಇರುತ್ತದೆ ಅಲ್ವಾ, ಅಸಿಟೋನ್‌ನಲ್ಲಿ ಒರೆಸದೆ ಅಂಟಿಸಿದ್ದೆ, ಮೂರೇ ವಾರಕ್ಕೆ ಜೋಡಣೆ ಬಿಟ್ಟುಕೊಂಡಿತು. ಒರೆಸಿ ಮತ್ತೆ ಅಂಟಿಸಿದೆ. ಆರು ವರ್ಷವಾಯಿತು, ಅಲುಗಿಲ್ಲ.

ಮದ್ದೂರು: ಸಾರ್, ತೂಕ ಹೇಳಲೇ ಇಲ್ಲ ನೀವು. ನನ್ನ ತೇಗದ ಗಿಟಾರ್ 4.8 ಕೆಜಿ. ಗಣೇಶನ ಆರ್ಕೆಸ್ಟ್ರಾದಲ್ಲಿ ಮೂರು ಗಂಟೆ ನಿಂತು ನುಡಿಸಿ ಎರಡು ದಿನ ಎಡಗೈ ಎತ್ತಲಾಗಲಿಲ್ಲ. ಮಾರಿದೆ. ಆಮೇಲೆ ನಮ್ಮ ತೋಟದ್ದೇ ಹಲಸು ಕಡಿಸಿ, ನಾಲ್ಕೇ ತಿಂಗಳಿಗೆ ಅದರಲ್ಲಿ ನೆಕ್, ಅಂದರೆ ಗಿಟಾರಿನ ಕತ್ತು, ಮಾಡಿಬಿಟ್ಟೆ. ಶಿವರಾತ್ರಿ ಕಳೆದು ಬಿಸಿಲು ಏರಿದ ಹಾಗೆ ತಿರುಚಿಕೊಂಡಿತು. ನೆಕ್ ಒಳಗೆ ಕೂರಿಸುವ ಲೋಹದ ಟ್ರಸ್ ರಾಡ್ ಬಾಗಿದ್ದನ್ನು ಸರಿ ಮಾಡುತ್ತದೆ, ತಿರುಚಿದ್ದನ್ನಲ್ಲ. ರಾಡ್ 900, ನೆಕ್ ಮೇಲೆ ಅಡ್ಡಡ್ಡ ಕೂರಿಸುವ ಫ್ರೆಟ್ ತಂತಿ 600, ಹದಿನೆಂಟು ಭಾನುವಾರ. ಎಲ್ಲಾ ಹೋಯಿತು.

ಒಂಟಿಕೊಪ್ಪಲು: ಹಸಿ ಮರ ಹಾಕಿ ಹಲಸಿಗೆ ಕೆಟ್ಟ ಹೆಸರು ಯಾಕೆ? ತಂಜಾವೂರು ವೀಣೆ ಹಲಸಿನದ್ದೇ. ಆ ನಾದ ಬೇರೆ ಮರದಲ್ಲಿ ಬರುತ್ತಾ?

ಮದ್ದೂರು: ಹಲಸನ್ನು ಎಲ್ಲಿ ಬೈದೆ? ನಾಲ್ಕೇ ತಿಂಗಳು ಅಂತ ನಾನೇ ಬರೆದಿದ್ದೇನೆ, ಓದಿ.

ಶ್ರೀರಂಗಪಟ್ಟಣ: ವೀಣೆಯ ಕೊಡ ಟೊಳ್ಳು, ಅದಕ್ಕೇ ಅಲ್ಲಿ ಮರ ಮಾತಾಡುತ್ತದೆ. ಇದು ಗಟ್ಟಿ ಹಲಗೆ. ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಅಲುಗಾಟವನ್ನು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ಪೈನ್ ತೊಲೆಗೇ ತಂತಿ ಬಿಗಿದು ನುಡಿಸಿದ್ದರು. ನಾನು 700 ರೂಪಾಯಿಯ ಸಿಲ್ವರ್ ಓಕ್ ಹಲಗೆ ಹಾಕಿ, ಉಳಿದ ದುಡ್ಡನ್ನು ಪಿಕಪ್‌ಗೆ ಇಟ್ಟೆ.

ಒಂಟಿಕೊಪ್ಪಲು: ಮರಕ್ಕೆ ಬೆಲೆಯೇ ಇಲ್ಲ ಅನ್ನುವವರು ಮರದಲ್ಲಿ ಯಾಕೆ ಮಾಡಬೇಕು? ಕಿವಿ ಇದ್ದವರಿಗೆ ಗೊತ್ತಾಗುತ್ತದೆ.

ಶ್ರೀರಂಗಪಟ್ಟಣ: ಕಿವಿಯ ಮಾತು ಬೇಡ. ಕಣ್ಣು ಮುಚ್ಚಿ ಕೂತು ಎರಡು ಗಿಟಾರ್ ಕೇಳಿ, ಯಾವುದು ಹಲಸು ಅಂತ ಹೇಳಿ. ನಮ್ಮ ಮನೆಗೇ ಬನ್ನಿ.

ಅಗ್ರಹಾರ: ಸಿಲ್ವರ್ ಓಕಿನಲ್ಲಿ ಸ್ಕ್ರೂ ನಿಲ್ಲುತ್ತಾ ಸ್ವಾಮಿ? ನಮ್ಮ ಹುಡುಗನ ಗಿಟಾರಿನಲ್ಲಿ ತಂತಿ ಹೊರುವ ಬ್ರಿಡ್ಜ್ ಕಿತ್ತೇ ಬಂತು.

ಶ್ರೀರಂಗಪಟ್ಟಣ: ಸರಿಯಾದ ಅಳತೆಯ ತೂತು ಕೊರೆದರೆ ನಿಲ್ಲುತ್ತದೆ. ನನ್ನದು ನಿಂತಿದೆ.

ಕುವೆಂಪುನಗರ: ಭಾರದ ಬಗ್ಗೆ ಯಾರಾದರೂ ಹೇಳಿ, ಪ್ಲೀಸ್.

ಮದ್ದೂರು: ತಮ್ಮಾ, ಯಾವ ಮರವಾದರೂ ಒಣಗಿದ್ದನ್ನು ತಗೋ. ಕೊಳ್ಳುವ ಮೊದಲು ಎತ್ತಿ ನೋಡು. ನಮ್ಮ ಅಟ್ಟದಲ್ಲಿ ಅದೇ ಹಲಸಿನ ಇನ್ನೊಂದು ಹಲಗೆ ಇದೆ, ಎರಡು ಕೊನೆಗೂ ಬಣ್ಣ ಬಳಿದು ಇಟ್ಟಿದ್ದೇನೆ. ಆಗಾಗ ತೂಗಿ ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. 6.4 ಕೆಜಿ, 5.9, 5.6. ಮೂರು ತಿಂಗಳಿಂದ 5.5ರಲ್ಲೇ ನಿಂತಿದೆ. ಯುಗಾದಿ ಕಳೆಯಲಿ, ಆಮೇಲೆ ಕೊಯ್ಯುತ್ತೇನೆ.