ಹಕ್ಕಿಗಳ ಹೆಸರೇ ಸರಿಯಾಗಿ ಗೊತ್ತಿಲ್ಲ, ನಿಸರ್ಗ ಬಳಗಕ್ಕೆ ಸೇರಿ ಏನು ಮಾಡಬಹುದು? (ಮೈಸೂರು)

ಕುವೆಂಪುನಗರದವಳು:
ಎಲ್ಲರಿಗೂ ನಮಸ್ಕಾರ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೇನೆ. ಭಾನುವಾರ ಅಲ್ಲಿಗೆ ಬೈನಾಕ್ಯುಲರ್ ಹಾಕಿಕೊಂಡು ಬರುವ ಒಂದು ಗುಂಪಿನವರನ್ನು ಮಾತಾಡಿಸಿದೆ, ನೀವೂ ಬನ್ನಿ, ನಮಗೆ ಜನ ಬೇಕು ಅಂದರು. ಆಸೆ ತುಂಬಾ ಇದೆ. ಆದರೆ ನನಗೆ ಗೊತ್ತಿರುವುದು ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ ಇಷ್ಟೇ. ಅವರು ಪುರ್ರಂತ ಹಾರಿಹೋದ ಹಕ್ಕಿಯ ಹೆಸರನ್ನೂ ಥಟ್ಟನೆ ಹೇಳುತ್ತಾರೆ. ನನ್ನ ಹತ್ತಿರ ದೊಡ್ಡ ಕ್ಯಾಮೆರಾ ಇಲ್ಲ, ಕೊಳ್ಳುವ ಯೋಚನೆಯೂ ಇಲ್ಲ. ಮಗಳು ಎಂಟನೇ ಕ್ಲಾಸು, ಅವಳಿಗೂ ಆಸಕ್ತಿ. ನಮ್ಮಂಥವರಿಂದ ನಿಜವಾಗಿ ಉಪಯೋಗ ಆಗುತ್ತಾ, ಅಥವಾ ಸುಮ್ನೆ ಹಿಂದೆ ಹಿಂದೆ ನಡೆದು ಅವರ ಕೆಲಸಕ್ಕೆ ಅಡ್ಡಿ ಆಗುತ್ತೇವಾ? ಇಂಥ ಬಳಗಗಳಲ್ಲಿ ಇದ್ದವರು ದಯವಿಟ್ಟು ಹೇಳಿ.

ಕೆರೆದಂಡೆ:
ಖಂಡಿತ ಹೋಗಿ ಮೇಡಂ. ಹೆಸರು ಹೇಳುವವರು ಎಲ್ಲ ಬಳಗದಲ್ಲೂ ಇರುತ್ತಾರೆ, ಕೂತು ಬರೆದುಕೊಳ್ಳುವವರು ಸಿಗುವುದೇ ಕಷ್ಟ. ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ಇರುತ್ತೆ. ಏಷ್ಯಾದ ಬೇರೆ ಬೇರೆ ದೇಶಗಳಲ್ಲೂ ಅದೇ ತಿಂಗಳು ಎಣಿಸುತ್ತಾರೆ, 1987ರಿಂದ ನಡೆದುಕೊಂಡು ಬಂದಿದೆ. ಮೈಸೂರಿನ ಸುತ್ತ ಎಷ್ಟು ಕೆರೆಗಳಿವೆ ಅಂತ ನಿಮಗೇ ಗೊತ್ತು, ಅಷ್ಟಕ್ಕೂ ಜನ ಬೇಕಲ್ವಾ.

ಹದಿನಾರು ಕೆರೆಗೆ ಒಮ್ಮೆ ಹೋಗಿ ನೋಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಹಿಂಡುಹಿಂಡಾಗಿ ಕೂತಿರುತ್ತವೆ. ಎಣಿಸುವವರು ಟೆಲಿಸ್ಕೋಪಿಗೆ ಕಣ್ಣಿಟ್ಟರೆ ಮತ್ತೆ ತೆಗೆಯುವ ಹಾಗಿಲ್ಲ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತೆ ಅಂತ ನೋಡಿಕೊಂಡು, ಅದೇ ಅಳತೆಯಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ಅಂತ ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿ ಕೂತವರು ಬರೆಯುತ್ತಾ ಹೋಗಬೇಕು. ಮಧ್ಯೆ ಒಂದು ಹದ್ದು ಬಂತು ಅನ್ನಿ, ಇಡೀ ಹಿಂಡು ಎದ್ದುಬಿಡುತ್ತೆ. ಕೂರುವ ತನಕ ಕಾಯಬೇಕು, ಮತ್ತೆ ಮೊದಲಿಂದ ಶುರು. ಆ ಹಾಳೆಯಲ್ಲಿ ಹಕ್ಕಿ ಸಂಖ್ಯೆ ಜೊತೆಗೆ ನೀರು ಎಷ್ಟಿತ್ತು, ದಡಕ್ಕೆ ಮಣ್ಣು ಸುರಿದಿದ್ದಾರಾ, ಚರಂಡಿ ನೀರು ಬರುತ್ತಿದೆಯಾ, ಇದನ್ನೂ ಬರೆಯಿರಿ. ಮುಂದೆ ಕೆರೆ ಒತ್ತುವರಿ ಅಂತ ದೂರು ಕೊಡುವಾಗ ಕೈಯಲ್ಲಿ ಹಿಡಿದು ತೋರಿಸಲು ಇರುವುದು ಆ ಹಾಳೆಗಳೇ. 2014ರಿಂದ 2016ರವರೆಗೆ ನಮ್ಮ ಮೈಸೂರನ್ನೇ ಚೌಕಚೌಕವಾಗಿ ಹಂಚಿಕೊಂಡು ಪಕ್ಷಿ ಅಟ್ಲಾಸ್, ಅಂದರೆ ಯಾವ ಹಕ್ಕಿ ಎಲ್ಲೆಲ್ಲಿದೆ ಅಂತ ತೋರಿಸುವ ನಕ್ಷೆ, ಮಾಡಿದರಲ್ಲ, ಅದೂ ಇಂಥ ಸ್ವಯಂಸೇವಕರ ಕೆಲಸವೇ.

ಹಳ್ಳಿ_ಮೇಷ್ಟ್ರು:
ನಾನು ನಂಜನಗೂಡು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಶಾಲೆಗೆ ಬಳಗದವರು ಬಂದು ಹೋಗುತ್ತಾರೆ. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ: ಪವರ್‌ಪಾಯಿಂಟ್‌ನಲ್ಲಿ ಹುಲಿ, ಆನೆ ತೋರಿಸಿ, ಕಾಡು ಉಳಿಸಿ ಅಂತ ಹೇಳಿ ಹೊರಟುಬಿಟ್ಟರೆ ಮಕ್ಕಳ ತಲೆಯಲ್ಲಿ ಏನೂ ಉಳಿಯುವುದಿಲ್ಲ. ಅವರನ್ನು ಹೊರಗೆ ಕರೆದುಕೊಂಡು ಹೋಗಿ. ಕೆಂಬೂತ ಯಾವ ಪೊದೆಯಲ್ಲಿ ಇರುತ್ತೆ, ಟಿಟ್ಟಿಭ ಹೊಲದ ಕಲ್ಲುಗಳ ಮಧ್ಯೆ ಎಲ್ಲಿ ಮೊಟ್ಟೆ ಇಡುತ್ತೆ ಅಂತ ನಮ್ಮ ಮಕ್ಕಳಿಗೆ ಮೊದಲೇ ಗೊತ್ತು. ಆ ಮೊಟ್ಟೆ ಕಲ್ಲಿನ ಬಣ್ಣವೇ ಇರುತ್ತೆ, ಕಾಲ ಕೆಳಗಿದ್ದರೂ ದೊಡ್ಡವರಿಗೆ ಕಾಣಿಸಲ್ಲ, ಅವರಿಗೆ ಕಾಣಿಸುತ್ತೆ. ಅವರಿಂದಲೇ ಹೇಳಿಸಿ, ಅವರು ಕರೆಯುವ ಹೆಸರನ್ನೇ ಬರೆದುಕೊಳ್ಳಿ.

ಮೇಡಂ, ನಿಮ್ಮ ಮಗಳಿಗೆ ಸೀಸನ್‌ವಾಚ್ ಮಾಡಿಸಿ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಇದೆಯಾ, ಇದ್ದರೆ ಸ್ವಲ್ಪವೋ ಜಾಸ್ತಿಯೋ ಅಂತ ಗುರುತು ಹಾಕಿಕೊಂಡು ಹೋಗುವುದು. ನಮ್ಮ ಶಾಲೆಯಲ್ಲಿ ಹೊಂಗೆ ಮರ ತೆಗೆದುಕೊಂಡಿದ್ದೇವೆ. ಯುಗಾದಿ ಹತ್ತಿರ ಅದು ಚಿಗುರಿದಾಗ ಯಾರು ಮೊದಲು ನೋಡಿದ್ದು ಅಂತ ಮಕ್ಕಳಲ್ಲಿ ಜಗಳವೇ ಆಯಿತು, ನನಗೆ ಬಹಳ ಖುಷಿಯಾಯಿತು.

ಮದ್ದೂರಿನವ:
ನಮ್ಮ ಕಡೆಯ ಕೊಕ್ಕರೆ ಬೆಳ್ಳೂರಿನ ವಿಷಯ ಯಾರೂ ಎತ್ತಲಿಲ್ಲವಲ್ಲ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರ, ಆಲ, ಅರಳಿ ಮೇಲೆ ಗೂಡು ಕಟ್ಟುತ್ತವೆ. ಮರಿ ಗೂಡಿನಿಂದ ಕೆಳಗೆ ಬಿದ್ದರೆ ತಂದೆತಾಯಿ ನೆಲಕ್ಕಿಳಿದು ಗುಟುಕು ಕೊಡುವುದಿಲ್ಲ. ಹಾಗೇ ಬಿಟ್ಟರೆ ನಾಯಿ ಪಾಲು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರೂ ಊರಿನ ಹುಡುಗರೂ ಸೇರಿ ಹೆಜ್ಜಾರ್ಲೆ ಬಳಗ ಅಂತ ಮಾಡಿಕೊಂಡು, ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಂದು ಹಾಕಿ, ಹಾರುವಷ್ಟು ಬೆಳೆದ ಮೇಲೆ ಬಿಟ್ಟರು. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶ ಆಯಿತು. ಆದರೆ ಹುಣಸೆ ಫಸಲು ಹೋದರೂ ಮರ ಕಡಿಯದೆ ಬಿಟ್ಟವರು ಆ ಊರಿನವರು, ಹಿಕ್ಕೆಯ ವಾಸನೆ ಸಹಿಸಿಕೊಂಡು ಮನೆ ಮುಂದೆ ಬದುಕಿದವರೂ ಅವರೇ. ಯಾವ ಬಳಗಕ್ಕೆ ಸೇರಿದರೂ ಮೊದಲು ಆ ಜಾಗದ ಜನರ ಜೊತೆ ಕೂತು ಮಾತಾಡಿ. ದನ ಮೇಯಿಸುವವರು, ಮೀನು ಹಿಡಿಯುವವರು ನಮಗಿಂತ ಜಾಸ್ತಿ ನೋಡಿರುತ್ತಾರೆ.

ಗುಳುಮುಳುಕ:
ಮೇಲಿನವರು ಹೇಳಿದ್ದೆಲ್ಲ ಸರಿ. ಬಳಗ ಆರಿಸಿಕೊಳ್ಳುವಾಗ ಒಂದು ವಿಷಯ ಗಮನಿಸಿ. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯುವವರು, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಸುವವರು ಇದ್ದರೆ ಅಲ್ಲಿಂದ ಹೊರಟುಬಿಡಿ. ಜನ ಹತ್ತಿರ ನಿಂತಷ್ಟು ಹೊತ್ತೂ ತಾಯಿ ಗೂಡಿಗೆ ಬರುವುದಿಲ್ಲ, ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತೆ. ಗೂಡಿನ ಲೊಕೇಶನ್ ವಾಟ್ಸಾಪ್ ಗುಂಪಿಗೆ ಹಾಕುವುದೂ ತಪ್ಪು.

ಕುವೆಂಪುನಗರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬರೆಯುವ ಕೆಲಸ ನನಗೆ ಒಗ್ಗುತ್ತೆ, ಆಫೀಸಿನಲ್ಲಿ ಮಾಡುವುದೂ ಅದೇ. ಮಗಳು ನಮ್ಮ ಬೀದಿಯ ಬೇವಿನ ಮರ ಅಂತ ಆಗಲೇ ಹೇಳಿಬಿಟ್ಟಳು. ಮೇಷ್ಟ್ರೇ, ಒಂದೇ ಮರಕ್ಕೆ ಇಬ್ಬರು ಮಕ್ಕಳು ಬೇರೆ ಬೇರೆ ಗುರುತು ಹಾಕಿದರೆ ಏನು ಮಾಡುತ್ತೀರಿ?

ಹಳ್ಳಿ_ಮೇಷ್ಟ್ರು:
ಇಬ್ಬರನ್ನೂ ಮರದ ಕೆಳಗೆ ಕರೆದುಕೊಂಡು ಹೋಗಿ ಮತ್ತೆ ನೋಡಿಸುತ್ತೇನೆ. ಒಬ್ಬರು ಬಿಸಿಲು ಬೀಳುವ ಕಡೆ ಮಾತ್ರ ನೋಡಿರುತ್ತಾರೆ, ಅಲ್ಲಿ ಹೂವು ಜಾಸ್ತಿ ಇರುತ್ತೆ. ಮರದ ಸುತ್ತ ಒಂದು ಸುತ್ತು ಬಂದು ಆಮೇಲೆ ಬರೆಯಲು ಹೇಳಿ.